ಎಲ್ಲ ಮಾದರಿಗಳೂ ತಪ್ಪೆಂದಾದರೆ ಮಗಳು ಪರಮಾಣುವಿನ ಪಾಠ ಯಾಕೆ ಓದಬೇಕು?

ಪ್ರಶ್ನೆ:

ಮೇಡಂ, ನಮಸ್ಕಾರ. ನಮ್ಮದು ರಾಣೆಬೆನ್ನೂರು ಹತ್ತಿರದ ಊರು, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ನಾನು ಓದಿದ್ದು ಪಿಯುಸಿ ಕಾಮರ್ಸ್. ಮಗಳು ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ, ಓದಿನಲ್ಲಿ ಚುರುಕು. ಹೋದ ವಾರ ಪರಮಾಣು ರಚನೆಯ ಪಾಠ ಓದುತ್ತಿದ್ದವಳು ಪುಸ್ತಕ ಮುಚ್ಚಿಟ್ಟು, “ಅಪ್ಪಾ, ಡಾಲ್ಟನ್ ಹೇಳಿದ್ದು ತಪ್ಪಂತೆ, ಥಾಮ್ಸನ್ ಹೇಳಿದ್ದೂ ತಪ್ಪಂತೆ, ರುದರ್‌ಫೋರ್ಡ್‌ದೂ ನಿಲ್ಲಲಿಲ್ಲವಂತೆ, ಬೋರ್‌ದೂ ಪೂರ್ತಿ ಸರಿಯಿಲ್ಲವಂತೆ. ತಪ್ಪಾಗಿರೋದನ್ನೆಲ್ಲ ನಾನ್ಯಾಕೆ ಬಾಯಿಪಾಠ ಮಾಡಬೇಕು? ನಾಳೆ ಈಗಿನದ್ದೂ ತಪ್ಪು ಅಂತಾರೆ” ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಟ್ಯೂಷನ್ ಸರ್‌ನ್ನು ಕೇಳಿದರೆ, “ಆ ವೃತ್ತದ ಚಿತ್ರಗಳೆಲ್ಲ ಸುಳ್ಳು, ನಿಜವಾದದ್ದು ಮುಂದೆ ಪಿಯುಸಿಯಲ್ಲಿ ಬರುತ್ತದೆ, ಈಗ ಮಾರ್ಕ್ಸಿಗೆ ಬರೆದರೆ ಸಾಕು” ಅಂದರು. ಇನ್ನೊಂದು ಕಡೆ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಕಾಕಾ ಒಂದು ಮೆಸೇಜ್ ಹಾಕಿದ್ದಾರೆ: ಪರಮಾಣು ಕಂಡುಹಿಡಿದವರು ಕಣಾದ ಮಹರ್ಷಿ, ಡಾಲ್ಟನ್ ನಮ್ಮ ಸಂಸ್ಕೃತ ಗ್ರಂಥ ನೋಡಿ ಕದ್ದ ಅಂತ. ಮಗಳು ಅದನ್ನೂ ಕೇಳುತ್ತಾಳೆ. ಅಷ್ಟಕ್ಕೂ ಪರಮಾಣುವನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ? ಮಗಳು ಪರೀಕ್ಷೆಯಲ್ಲಿ ಏನು ಬರೆಯಬೇಕು, ಕಾಕಾ ಅವರಿಗೆ ಬೇಸರವಾಗದಂತೆ ನಾನು ಏನು ಹೇಳಬೇಕು, ದಯವಿಟ್ಟು ತಿಳಿಸಿ.

ಉತ್ತರ:

ನಿಮ್ಮ ಮಗಳು ಸೋಮಾರಿತನದಿಂದ ಈ ಮಾತು ಆಡಿಲ್ಲ ಎನ್ನುವುದು ಪತ್ರ ಓದಿದ ಕೂಡಲೇ ಗೊತ್ತಾಯಿತು. ಪದವಿ ತರಗತಿಗಳಿಗೆ ಭೌತಶಾಸ್ತ್ರ ಕಲಿಸಿದ ವರ್ಷಗಳಲ್ಲಿ ಇದನ್ನು ಬಾಯಿಬಿಟ್ಟು ಕೇಳಿದ ವಿದ್ಯಾರ್ಥಿಗಳನ್ನು ನಾನು ಕಂಡದ್ದು ಕಡಿಮೆ. ಕೇಳದೆ ಮನಸ್ಸಿನಲ್ಲೇ ಇಟ್ಟುಕೊಂಡು ವಿಜ್ಞಾನದ ಮೇಲೆ ಸದ್ದಿಲ್ಲದೆ ನಂಬಿಕೆ ಕಳೆದುಕೊಂಡವರು ಬಹಳ ಮಂದಿ. ಪಾಠ ಜೋಡಿಸಿರುವ ರೀತಿಯೇ ಹಾಗಿದೆ: ಒಬ್ಬರ ಹೆಸರು, ಅವರ ಮಾದರಿ, ಅದರ ಮಿತಿಗಳು, ಮುಂದಿನವರ ಹೆಸರು. ಹೀಗೆ ಓದಿದ ಯಾವ ಮಗುವಿಗಾದರೂ ಹಿಂದಿನವರೆಲ್ಲ ಸೋತರು, ಕೊನೆಯವರು ಗೆದ್ದರು ಎಂದೇ ಅನ್ನಿಸುತ್ತದೆ.

ನಡೆದದ್ದು ಹಾಗಲ್ಲ. ಆ ನಾಲ್ವರು ಒಂದೇ ಪ್ರಶ್ನೆಗೆ ಉತ್ತರ ಹುಡುಕುತ್ತಿರಲಿಲ್ಲ. ಒಬ್ಬೊಬ್ಬರ ಮುಂದೆಯೂ ಬೇರೆ ಬೇರೆ ಅಳತೆ ಇತ್ತು, ಅದು ಯಾಕೆ ಹಾಗೆ ಬರುತ್ತಿದೆ ಎಂದು ಅವರು ತಲೆ ಕೆಡಿಸಿಕೊಂಡಿದ್ದರು. ಆ ಅಳತೆಗಳು ಆಮೇಲೆ ಇನ್ನಷ್ಟು ನಿಖರವಾದವೇ ಹೊರತು ಮಣ್ಣುಪಾಲಾಗಲಿಲ್ಲ. ಬದಲಾದದ್ದು ಅವುಗಳ ಸುತ್ತ ಕಟ್ಟಿದ ಚಿತ್ರ. ಈ ಒಂದು ವ್ಯತ್ಯಾಸ ಮನಸ್ಸಿಗೆ ಹಿಡಿದರೆ ಮಗಳ ಅರ್ಧ ಸಂಕಟ ಕಳೆಯುತ್ತದೆ.

ಡಾಲ್ಟನ್ ಅವರನ್ನು ಅರ್ಥ ಮಾಡಿಕೊಳ್ಳಲು ನಿಮ್ಮ ಅಂಗಡಿಯೇ ಸಾಕು. ಸಾದಾ ಯೂರಿಯಾ ಚೀಲದ ಮೇಲೆ ಸಾರಜನಕ ಶೇ. 46 ಎಂದು ಅಚ್ಚಾಗಿರುತ್ತದೆ. ಯಾವ ಕಂಪನಿಯದ್ದಾದರೂ, ಯಾವ ವರ್ಷದ್ದಾದರೂ ಅಷ್ಟೇ. ಶೇ. 50 ಸಾರಜನಕದ ಯೂರಿಯಾ ಮಾಡುತ್ತೇವೆಂದು ಯಾವ ಕಾರ್ಖಾನೆ ಪಣತೊಟ್ಟರೂ ಆಗದು. ಯೂರಿಯಾದ ಒಂದು ಅಣುವಿನ ತೂಕ 60 ಎಂದು ಹಿಡಿದರೆ ಅದರಲ್ಲಿ ಸಾರಜನಕದ ಎರಡು ಪರಮಾಣುಗಳ ಪಾಲು 28. ಇಪ್ಪತ್ತೆಂಟನ್ನು ಅರವತ್ತರಿಂದ ಭಾಗಿಸಲು ಮಗಳಿಗೆ ಹೇಳಿ, 46.7 ಬರುತ್ತದೆ. ವಸ್ತುಗಳು ಮನಬಂದ ಪ್ರಮಾಣದಲ್ಲಿ ಕೂಡುವುದಿಲ್ಲ, ಗೊತ್ತಾದ ತೂಕದ ಬಿಡಿ ಘಟಕಗಳಾಗಿಯೇ ಕೂಡುತ್ತವೆ ಎಂಬುದೇ ಡಾಲ್ಟನ್ ಕೊಟ್ಟ ತಿಳಿವಳಿಕೆ. ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳಿಕೊಂಡಿದ್ದ ಅವರ ಟಿಪ್ಪಣಿ ಪುಸ್ತಕದಲ್ಲಿ ಪರಮಾಣು ತೂಕಗಳ ಮೊದಲ ಪಟ್ಟಿ ಇರುವುದು 1803ರ ಸೆಪ್ಟೆಂಬರ್ 6ರ ತಾರೀಖಿನಲ್ಲಿ.

ಅವರು ಎಡವಿದ್ದೂ ಉಂಟು, ಎಡವಿದ ಜಾಗ ಪುಸ್ತಕ ಒತ್ತಿ ಹೇಳುವುದಕ್ಕಿಂತ ಸ್ವಾರಸ್ಯವಾದದ್ದು. ನೀರಿನಲ್ಲಿ ಒಂದು ಹೈಡ್ರೋಜನ್ನಿಗೆ ಒಂದೇ ಆಕ್ಸಿಜನ್ ಎಂದು ಡಾಲ್ಟನ್ ಭಾವಿಸಿದರು, ಏಕೆಂದರೆ ಎಷ್ಟಕ್ಕೆ ಎಷ್ಟು ಎಂದು ತಿಳಿಯುವ ದಾರಿ ಅವರ ಬಳಿ ಇರಲಿಲ್ಲ, ಸರಳವಾದದ್ದನ್ನೇ ಹಿಡಿದರು. ಹಾಗಾಗಿ, ಹೈಡ್ರೋಜನ್ನಿನ ತೂಕ 1 ಎಂದು ಹಿಡಿದರೆ ಆಕ್ಸಿಜನ್ನಿನ ತೂಕ ಅವರ 1808ರ ಪುಸ್ತಕದಲ್ಲಿ 7 ಎಂದಾಯಿತು. ಇಂದಿನ ಲೆಕ್ಕಕ್ಕೆ 16. ಅನಿಲಗಳು ಸರಳ ಗಾತ್ರಗಳಲ್ಲಿ ಕೂಡುತ್ತವೆಂದು ಗೇ ಲುಸಾಕ್ ತೋರಿಸಿದಾಗ ಡಾಲ್ಟನ್ ಒಪ್ಪಲಿಲ್ಲ. 1811ರಲ್ಲಿ ಅವೊಗಾಡ್ರೊ ಸರಿಯಾದ ದಾರಿ ತೋರಿದರೂ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್‌ಸ್ರೂ ಊರಿನಲ್ಲಿ ರಸಾಯನಶಾಸ್ತ್ರಜ್ಞರು ಸೇರಿದಾಗ ಕ್ಯಾನಿಝಾರೊ ಆ ಹಳೆಯ ಮಾತನ್ನು ಮತ್ತೆ ಎತ್ತಿ ಲೆಕ್ಕ ಬಿಡಿಸಿಟ್ಟರು. ಐವತ್ತು ವರ್ಷ ಇಡೀ ಒಂದು ವಿದ್ಯೆ ಒಂದು ಕಂತೆ ತಪ್ಪು ತೂಕಗಳೊಂದಿಗೆ ಒದ್ದಾಡಿತು. ಆದರೂ ‘ಗೊತ್ತಾದ ಪ್ರಮಾಣ’ ಎಂಬ ಮೂಲ ಸಂಗತಿ ಅಲುಗಲಿಲ್ಲ. ಪರಮಾಣು ಒಡೆಯುವುದಿಲ್ಲ ಎಂಬ ಡಾಲ್ಟನ್ ಮಾತು ತಪ್ಪಾಯಿತು ಎನ್ನುತ್ತೇವಲ್ಲ, ರಾಸಾಯನಿಕ ಕ್ರಿಯೆಯ ಮಟ್ಟಿಗೆ ಅದು ಇವತ್ತಿಗೂ ನಿಜ. ಗೊಬ್ಬರದ ಕಾರ್ಖಾನೆಯಲ್ಲಿ ಯಾವ ಪರಮಾಣುವೂ ಒಡೆಯುವುದಿಲ್ಲ.

ಈಗ ನಿಮ್ಮ ಕಾಕಾ ಅವರ ಮೆಸೇಜಿನ ವಿಚಾರ. ಅದರಲ್ಲಿ ನಿಜವೂ ಇದೆ, ಸುಳ್ಳೂ ಇದೆ, ಎರಡನ್ನೂ ಬಿಡಿಸಿ ಹೇಳಬೇಕು. ಕಣಾದರ ವೈಶೇಷಿಕ ದರ್ಶನದಲ್ಲಿ ಪರಮಾಣುವಿನ ವಿಚಾರ ಇರುವುದು ನಿಜ, ಅದು ಎರಡು ಸಾವಿರ ವರ್ಷಕ್ಕಿಂತ ಹಳೆಯದು ಎನ್ನುವುದೂ ನಿಜ. ಜೈನ ದರ್ಶನದಲ್ಲೂ ಪರಮಾಣು ಇದೆ. ಗ್ರೀಸಿನಲ್ಲಿ ಲ್ಯೂಸಿಪ್ಪಸ್, ಡೆಮಾಕ್ರಿಟಸ್ ಕ್ರಿ.ಪೂ. 5ನೇ ಶತಮಾನದಲ್ಲಿ ಇದನ್ನೇ ಯೋಚಿಸಿದ್ದರು. ವೈಶೇಷಿಕದ ಪ್ರಕಾರ ಪರಮಾಣುಗಳು ನಾಲ್ಕು ಬಗೆ: ಪೃಥ್ವಿ, ಅಪ್, ತೇಜಸ್ಸು, ವಾಯು. ಒಂದೊಂದಕ್ಕೂ ಅದರದೇ ವಿಶೇಷ ಗುಣ, ಪೃಥ್ವಿಗೆ ಗಂಧ, ಅಪ್ಪಿಗೆ ರಸ, ಹೀಗೆ. ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ. ಕಿಟಕಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ತೇಲುವ ಧೂಳಿನ ಕಣವೇ ಕಣ್ಣಿಗೆ ಕಾಣುವ ಅತಿ ಚಿಕ್ಕದು, ಅದು ತ್ರ್ಯಣುಕದ ಗಾತ್ರ ಎಂದರು.

ಇದಕ್ಕಿಂತ ನನಗೆ ಹೆಚ್ಚು ಹಿಡಿಸುವುದು ಮಡಕೆಯ ಚರ್ಚೆ. ಹಸಿ ಮಡಕೆಯನ್ನು ಆವಿಗೆಯಲ್ಲಿ ಸುಟ್ಟಾಗ ಬಣ್ಣ ಕೆಂಪಾಗುತ್ತದೆ. ಬದಲಾದದ್ದು ಯಾವುದು? ಮಡಕೆ ಪರಮಾಣುಗಳಾಗಿ ಬಿಡಿಬಿಡಿಯಾಗಿ, ಪರಮಾಣುವಿನ ಬಣ್ಣ ಬದಲಾಗಿ, ಮತ್ತೆ ಕೂಡಿಕೊಳ್ಳುತ್ತದೆ ಎಂದು ವೈಶೇಷಿಕರು ವಾದಿಸಿದರು. ಇದು ಪೀಲುಪಾಕ. ಹಾಗೇನಿಲ್ಲ, ಮಡಕೆ ಇಡಿಯಾಗಿ ಇದ್ದಂತೆಯೇ ಬೆಂಕಿ ಒಳಹೊಕ್ಕು ಬಣ್ಣ ಬದಲಾಯಿಸುತ್ತದೆ ಎಂದು ನ್ಯಾಯ ದರ್ಶನದವರಾದ ನೈಯಾಯಿಕರು ವಾದಿಸಿದರು. ಇದು ಪಿಠರಪಾಕ. ಇಷ್ಟು ಸೂಕ್ಷ್ಮವಾದ ಪ್ರಶ್ನೆ ಎತ್ತಿದವರನ್ನು ಹಗುರವಾಗಿ ಕಾಣುವುದು ತಪ್ಪು. ಹಾಗೆಂದು ಅವರು ಸುಡುವ ಮೊದಲೊಮ್ಮೆ, ಸುಟ್ಟ ಮೇಲೊಮ್ಮೆ ಮಡಕೆಯನ್ನು ತೂಗಿ ಲೆಕ್ಕ ಇಟ್ಟವರಲ್ಲ. ಅವರ ಗುರಿ ತರ್ಕದಿಂದ ಜಗತ್ತನ್ನು ಅರಿಯುವುದಾಗಿತ್ತು. ಡಾಲ್ಟನ್ ಪರಮಾಣುವಿಗೆ ಇರುವುದು ತೂಕ. ಕಣಾದರ ಪರಮಾಣುವಿಗೆ ಇರುವುದು ಗುಣ. ಎರಡೂ ಬೇರೆ ಬೇರೆ ಕೆಲಸ.

ಕದ್ದರು ಎಂಬ ಮಾತು ಮಾತ್ರ ನಿಲ್ಲುವುದಿಲ್ಲ. ಡಾಲ್ಟನ್ ಹವಾಮಾನದ ಹುಚ್ಚಿದ್ದ ಮನುಷ್ಯ, 1787ರಿಂದ 1844ರಲ್ಲಿ ತೀರಿಕೊಳ್ಳುವ ತನಕ ಹವಾಮಾನದ ದಿನಚರಿ ಬರೆದರು. ಗಾಳಿಯಲ್ಲಿ ಅನಿಲಗಳು ಹೇಗೆ ಬೆರೆತಿರುತ್ತವೆ, ನೀರಿನಲ್ಲಿ ಯಾವ ಅನಿಲ ಎಷ್ಟು ಕರಗುತ್ತದೆ ಎಂದು ಯೋಚಿಸುತ್ತ ಅವರು ಪರಮಾಣುವಿಗೆ ಬಂದರು. ಕಣಗಳ ಬಗ್ಗೆ ನ್ಯೂಟನ್ ಬರೆದದ್ದನ್ನು ಓದಿದ್ದರು. ವೈಶೇಷಿಕವನ್ನು ಇಂಗ್ಲಿಷ್ ಓದುಗರಿಗೆ ವಿವರವಾಗಿ ಪರಿಚಯಿಸಿದ ಕೋಲ್‌ಬ್ರೂಕ್ ಪ್ರಬಂಧ ಬಂದದ್ದು 1824ರಲ್ಲಿ, ಡಾಲ್ಟನ್ ಪಟ್ಟಿ ಬರೆದು ಇಪ್ಪತ್ತು ವರ್ಷ ಕಳೆದ ಮೇಲೆ.

ಕಾಕಾ ಅವರೊಂದಿಗೆ ಮಾತಾಡುವಾಗ ನಿಮ್ಮ ಮುಂದೆ ಮೂರು ದಾರಿ ಇವೆ. ಗ್ರೂಪಿನಲ್ಲೇ ‘ಇದು ಸುಳ್ಳು’ ಎಂದು ಬರೆದರೆ ಹಿರಿಯರ ಮನಸ್ಸು ಮುರಿಯುತ್ತದೆ, ಜೊತೆಗೆ ಅದರೊಳಗಿನ ನಿಜವನ್ನೂ ನೀವು ತಳ್ಳಿಹಾಕಿದಂತೆ. ಸುಮ್ಮನೆ ಹೂಂ ಅಂದರೆ ಮಗಳಿಗೆ ಪುಸ್ತಕದ ವಿಜ್ಞಾನ ಕಳ್ಳಮಾಲು ಎಂದು ಹೇಳಿಕೊಟ್ಟಂತೆ, ಇದರ ಪೆಟ್ಟು ಹೆಚ್ಚು ಕಾಲ ಉಳಿಯುತ್ತದೆ. ನಾನಾಗಿದ್ದರೆ ಮಡಕೆಯ ಚರ್ಚೆಯನ್ನು ಕಾಕಾ ಅವರ ಮುಂದೆ ಮಗಳ ಬಾಯಲ್ಲೇ ಹೇಳಿಸುತ್ತಿದ್ದೆ. ಹೆಮ್ಮೆ ಪಡಲು ಮೆಸೇಜಿಗಿಂತ ಗಟ್ಟಿಯಾದ ಕಾರಣ ಅವರಿಗೆ ಸಿಗುತ್ತದೆ. ಅದರ ಜೊತೆಗೆ, 1920ರಲ್ಲಿ ಮೇಘನಾದ ಸಾಹಾ ಪರಮಾಣುವಿನಿಂದ ಎಲೆಕ್ಟ್ರಾನ್ ಕಳಚುವ ಲೆಕ್ಕ ಹಾಕಿ ನಕ್ಷತ್ರಗಳ ಬಿಸಿಯನ್ನು ಓದುವ ಸೂತ್ರ ಕೊಟ್ಟದ್ದನ್ನು, 1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಾವು ಕಂಡ ಹೊಸ ಬೆಳಕಿನ ಬಗ್ಗೆ ಬೆಂಗಳೂರಿನಲ್ಲೇ ನಿಂತು ಉಪನ್ಯಾಸ ಮಾಡಿದ್ದನ್ನು ಹೇಳಿ. ನಮ್ಮವರ ಕೆಲಸ ಈ ಚರಿತ್ರೆಯ ನಡುವೆಯೇ ಇದೆ.

ಥಾಮ್ಸನ್ ಬಗ್ಗೆ ಪುಸ್ತಕದಲ್ಲಿ ಕಲ್ಲಂಗಡಿ ಹಣ್ಣಿನ ಹೋಲಿಕೆ ಇರುತ್ತದೆ, ಮಕ್ಕಳ ತಲೆಯಲ್ಲಿ ಹಣ್ಣು ಉಳಿದು ಪ್ರಯೋಗ ಮರೆತೇ ಹೋಗುತ್ತದೆ. 1897ರಲ್ಲಿ ಕೇಂಬ್ರಿಡ್ಜಿನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಅವರು ತೋರಿಸಿದ್ದು ಇದು: ಗಾಜಿನ ಕೊಳವೆಯಲ್ಲಿ ಯಾವ ಲೋಹದ ಕ್ಯಾಥೋಡ್ (ಋಣ ವಿದ್ಯುತ್ ತುದಿ) ಇಟ್ಟರೂ, ಒಳಗೆ ಯಾವ ಅನಿಲದ ಅಂಶ ಉಳಿದಿದ್ದರೂ, ಹೊರಡುವ ಕಿರಣದ ಕಣಗಳಲ್ಲಿ ವಿದ್ಯುದಾವೇಶಕ್ಕೂ ರಾಶಿಗೂ ಇರುವ ಅನುಪಾತ ಒಂದೇ. ಅಂದರೆ ಎಲ್ಲ ವಸ್ತುವಿನೊಳಗೂ ಅದೇ ಕಣ ಇದೆ, ಅದು ಹೈಡ್ರೋಜನ್ ಪರಮಾಣುವಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಹಗುರ. ಅದೇ ಎಲೆಕ್ಟ್ರಾನ್. ಇದಕ್ಕೂ ಮೊದಲು ಹರ್ಟ್ಸ್ ಇದೇ ಕಿರಣಗಳನ್ನು ವಿದ್ಯುತ್ ಫಲಕಗಳ ನಡುವೆ ಹಾಯಿಸಿ, ಬಾಗುವುದಿಲ್ಲ ಎಂದಿದ್ದರು. ಕೊಳವೆಯಲ್ಲಿ ಉಳಿದಿದ್ದ ಗಾಳಿ ಫಲಕಗಳ ಪ್ರಭಾವವನ್ನು ಮರೆಮಾಚಿತ್ತು. ಥಾಮ್ಸನ್ ಹೆಚ್ಚು ಗಾಳಿ ತೆಗೆದರು, ಕಿರಣ ಬಾಗಿತು. ಅವರ 1904ರ ಮಾದರಿಯೂ ಹಣ್ಣಿನೊಳಗಿನ ಬೀಜದಂತೆ ಎಲೆಕ್ಟ್ರಾನ್‌ಗಳನ್ನು ಹುದುಗಿಸಿಟ್ಟ ಚಿತ್ರವಲ್ಲ. ಧನ ಆವೇಶದ ಗೋಳದೊಳಗೆ ಎಲೆಕ್ಟ್ರಾನ್‌ಗಳು ಉಂಗುರ ಉಂಗುರವಾಗಿ ಸುತ್ತುತ್ತ ಎಷ್ಟಿದ್ದರೆ ಸ್ಥಿರವಾಗಿರುತ್ತವೆ ಎಂಬ ಗಟ್ಟಿ ಗಣಿತ ಅದರಲ್ಲಿತ್ತು. ಮೂಲವಸ್ತುಗಳನ್ನು ಸಾಲಾಗಿ ಜೋಡಿಸಿದ ಆವರ್ತಕ ಕೋಷ್ಟಕ ಯಾಕೆ ಹಾಗಿದೆ ಎಂದು ಎಲೆಕ್ಟ್ರಾನ್‌ಗಳ ಜೋಡಣೆಯಿಂದ ವಿವರಿಸಲು ಅದರಲ್ಲೇ ಪ್ರಯತ್ನ ನಡೆದಿತ್ತು.

ಚಿನ್ನದ ಹಾಳೆಯ ಪ್ರಯೋಗದ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಈ ಪ್ರಯೋಗ ಮಾಡಿದವರು ರುದರ್‌ಫೋರ್ಡ್ ಎಂದೇ ಎಲ್ಲರೂ ಬರೆಯುತ್ತಾರೆ. ಕತ್ತಲ ಕೋಣೆಯಲ್ಲಿ ಕೂತವರು ಹಾನ್ಸ್ ಗೈಗರ್ ಮತ್ತು ಆಗ ಇಪ್ಪತ್ತರ ಹುಡುಗನಾಗಿದ್ದ ವಿದ್ಯಾರ್ಥಿ ಅರ್ನೆಸ್ಟ್ ಮಾರ್ಸ್‌ಡೆನ್, 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ. ವಿಕಿರಣ ವಸ್ತುವಿನಿಂದ ಚಿಮ್ಮುವ, ಧನ ಆವೇಶದ ಆಲ್ಫಾ ಕಣ ಜಿಂಕ್ ಸಲ್ಫೈಡ್ ಪರದೆಗೆ ಬಡಿದಾಗ ಒಂದು ಮಿಣುಕು ಹೊಳೆಯುತ್ತದೆ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅದನ್ನು ಒಂದೊಂದಾಗಿ ಎಣಿಸಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ತನಕ ಕಾದು ಕೂರಬೇಕು, ಎಣಿಸುತ್ತ ಎಣಿಸುತ್ತ ಕಣ್ಣು ಸೋಲುತ್ತದೆ. ನಿರೀಕ್ಷೆ ಇದ್ದದ್ದು ಕಣಗಳು ಹಾಳೆ ದಾಟುವಾಗ ಅಲ್ಪಸ್ವಲ್ಪ ಓರೆಯಾಗುತ್ತವೆ ಎಂದು. ಸೆಂಟಿಮೀಟರಿನ ಲಕ್ಷದಲ್ಲಿ ನಾಲ್ಕು ಪಾಲಿನಷ್ಟು ತೆಳುವಾದ ಚಿನ್ನದ ಹಾಳೆಯಲ್ಲಿ ಸುಮಾರು 20,000 ಕಣಗಳಿಗೆ ಒಂದು ಸರಾಸರಿ 90 ಡಿಗ್ರಿಯಷ್ಟು ತಿರುಗಿತು. ಕೆಲವು ಬಂದ ದಾರಿಗೇ ಮರಳಿದವು.

ಮಕ್ಕಳಿಗೆ ಪುಸ್ತಕ ಹೇಳದ ಎರಡು ಸಂಗತಿ ಇಲ್ಲಿವೆ. ಮೊದಲನೆಯದು, ಫಲಿತಾಂಶ ಬಂದ ಕೂಡಲೇ ಪರಮಾಣುವಿನ ನಡುವಿನ ತಿರುಳಾದ ನ್ಯೂಕ್ಲಿಯಸ್ ಸಿಗಲಿಲ್ಲ. ರುದರ್‌ಫೋರ್ಡ್ ಪ್ರಬಂಧ ಅಚ್ಚಾದದ್ದು 1911ರ ಮೇ ತಿಂಗಳಲ್ಲಿ. ನಡುವೆ ಅವರು ಒಂದು ಲೆಕ್ಕಕ್ಕೆ ಅಂಟಿಕೊಂಡಿದ್ದರು: ಸಣ್ಣ ಸಣ್ಣ ಓರೆಗಳು ನೂರಾರು ಕೂಡಿ ಇಷ್ಟು ದೊಡ್ಡ ತಿರುವು ಆಗುವ ಸಂಭವ ಎಷ್ಟು? ಇಲ್ಲವೆಂಬಷ್ಟು ಕಡಿಮೆ. ಹಾಗಾದರೆ ಒಂದೇ ಏಟಿಗೆ ತಿರುಗಿರಬೇಕು, ಅದಕ್ಕೆ ಆವೇಶವೆಲ್ಲ ಒಂದೇ ಚಿಕ್ಕ ಜಾಗದಲ್ಲಿ ಒತ್ತಿಕೊಂಡಿರಬೇಕು. ಚಿನ್ನದ ನ್ಯೂಕ್ಲಿಯಸ್ಸನ್ನು ಒಂದು ಸಾಸಿವೆ ಕಾಳಿನಷ್ಟು ದೊಡ್ಡದು ಮಾಡಿದರೆ ಇಡೀ ಪರಮಾಣು ಸುಮಾರು ನಲವತ್ತು ಮೀಟರ್ ಅಗಲಕ್ಕೆ ಹಬ್ಬುತ್ತದೆ.

ಎರಡನೆಯದು, ಆ ಪ್ರಬಂಧದಲ್ಲಿ ಎಲೆಕ್ಟ್ರಾನ್‌ಗಳು ಗ್ರಹಗಳ ಹಾಗೆ ಸುತ್ತುವ ಚಿತ್ರವೇ ಇಲ್ಲ. ಲೆಕ್ಕದ ಅನುಕೂಲಕ್ಕೆ ವಿರುದ್ಧ ಆವೇಶ ಸುತ್ತಲೂ ಸಮನಾಗಿ ಹರಡಿದೆ ಎಂದು ಹಿಡಿದಿದ್ದಾರೆ. ಇಂಥ ಪರಮಾಣು ಸ್ಥಿರವಾಗಿ ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ಈ ಹಂತದಲ್ಲಿ ಎತ್ತಿಕೊಳ್ಳಬೇಕಾಗಿಲ್ಲ ಎಂದು ಅವರೇ ಸ್ಪಷ್ಟವಾಗಿ ಬರೆದಿದ್ದಾರೆ. ಅಂದರೆ ‘ರುದರ್‌ಫೋರ್ಡ್ ಮಾದರಿಯ ದೋಷ’ ಎಂದು ನಾವು ಮಕ್ಕಳಿಂದ ಬರೆಸುವ ಸಂಗತಿ ಅವರಿಗೆ ಮೊದಲೇ ಗೊತ್ತಿತ್ತು. ಅವರು ಉತ್ತರಿಸಲು ಹೊರಟದ್ದು ಮಿಣುಕುಗಳ ಎಣಿಕೆಗೆ. ಆ ಉತ್ತರವನ್ನು 1913ರಲ್ಲಿ ಗೈಗರ್, ಮಾರ್ಸ್‌ಡೆನ್ ಒಂದು ಲಕ್ಷಕ್ಕೂ ಮೇಲೆ ಮಿಣುಕು ಎಣಿಸಿ ಬೇರೆ ಬೇರೆ ಕೋನಗಳಲ್ಲಿ ತಾಳೆ ನೋಡಿದರು, ಸೂತ್ರ ಹೇಳಿದಂತೆಯೇ ಬಂತು. ಅದು ಇವತ್ತಿಗೂ ಹಾಗೆಯೇ ಬರುತ್ತದೆ.

ಸ್ಥಿರತೆಯ ತೊಡಕು ಮಾತ್ರ ಸಣ್ಣದಾಗಿರಲಿಲ್ಲ. ಸುತ್ತುವ ಎಲೆಕ್ಟ್ರಾನ್ ಬೆಳಕು ಚೆಲ್ಲುತ್ತ ಶಕ್ತಿ ಕಳೆದುಕೊಂಡು ನ್ಯೂಕ್ಲಿಯಸ್ಸಿಗೆ ಬೀಳಬೇಕು, ಹಳೆಯ ಭೌತಶಾಸ್ತ್ರದ ಲೆಕ್ಕಕ್ಕೆ ಒಂದು ಸೆಕೆಂಡಿನ ಹತ್ತು ಸಾವಿರ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ. ಆ ಲೆಕ್ಕ ನಿಜವಾಗಿದ್ದರೆ ನೀವು, ನಾನು, ಈ ಭೂಮಿ ಯಾವುದೂ ಇರುತ್ತಿರಲಿಲ್ಲ.

ಬೋರ್ ಕೈಹಾಕಿದ್ದು ಇಲ್ಲಿಗೆ. ಅವರಿಗೆ ಸುಳಿವು ಸಿಕ್ಕಿದ್ದು ಬೇರೊಂದು ಕಡೆಯಿಂದ, ಇದನ್ನು ನಿಮ್ಮ ಮಗಳು ಪೆನ್ನು ಹಿಡಿದು ತಾನೇ ಮಾಡಿ ನೋಡಬಹುದು. ಹೈಡ್ರೋಜನ್ ಅನಿಲ ತುಂಬಿದ ಕೊಳವೆಗೆ ವಿದ್ಯುತ್ ಹಾಯಿಸಿದರೆ ನಸುಗೆಂಪಾಗಿ ಹೊಳೆಯುತ್ತದೆ. ನಮ್ಮ ಪದವಿ ಪ್ರಯೋಗಾಲಯದಲ್ಲಿ ಆ ಬೆಳಕನ್ನು ಸ್ಪೆಕ್ಟ್ರೋಮೀಟರಿನಲ್ಲಿ ಹಾಯಿಸಿ ವಿದ್ಯಾರ್ಥಿಗಳಿಗೆ ತೋರಿಸುತ್ತಿದ್ದೆ: ಕಾಮನಬಿಲ್ಲಿನ ಹಾಗೆ ಹರಡಿದ ಬಣ್ಣ ಇರುವುದಿಲ್ಲ, ಕಪ್ಪು ಹಿನ್ನೆಲೆಯಲ್ಲಿ ಕೂದಲೆಳೆಯಂಥ ಗೆರೆಗಳು. ಒಂದು ಕಡುಗೆಂಪು, ಒಂದು ಹಸಿರು ಬೆರೆತ ನೀಲಿ, ಒಂದು ನೇರಳೆ, ಕಣ್ಣು ಕಿರಿದು ಮಾಡಿದರೆ ಇನ್ನೊಂದು. ತರಂಗಾಂತರ 656.3, 486.1, 434.0, 410.2 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಮೀಟರ್). ಈ ನಾಲ್ಕು ಸಂಖ್ಯೆಗಳಿಗೆ ಏನು ಸಂಬಂಧ? ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಯೋಹಾನ್ ಬಾಮರ್ 1885ರಲ್ಲಿ, ತಮ್ಮ ಅರವತ್ತನೇ ವಯಸ್ಸಿನಲ್ಲಿ, ಅದನ್ನು ಹಿಡಿದರು. 364.6ನ್ನು 9ರಿಂದ ಗುಣಿಸಿ 5ರಿಂದ ಭಾಗಿಸಿ: ಮೊದಲ ಗೆರೆ. 16ರಿಂದ ಗುಣಿಸಿ 12ರಿಂದ ಭಾಗಿಸಿ: ಎರಡನೆಯದು. 25ರಿಂದ ಗುಣಿಸಿ 21ರಿಂದ ಭಾಗಿಸಿ: ಮೂರನೆಯದು. ಮೇಲಿರುವುದು 3, 4, 5ರ ವರ್ಗ, ಕೆಳಗಿರುವುದು ಅದರಿಂದ 4 ಕಳೆದದ್ದು. ನಾಲ್ಕನೆಯ ಗೆರೆಯ ಲೆಕ್ಕವನ್ನು ಮಗಳೇ ಮಾಡಲಿ.

ಬಾಮರ್ ಸೂತ್ರ ಯಾಕೆ ಕೆಲಸ ಮಾಡುತ್ತದೆ ಎಂದು ಮುಂದಿನ ಇಪ್ಪತ್ತೆಂಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. 1913ರಲ್ಲಿ ಬೋರ್, ಎಲೆಕ್ಟ್ರಾನಿಗೆ ಗೊತ್ತಾದ ಕೆಲವೇ ಶಕ್ತಿ ಮಟ್ಟಗಳು ಮಾತ್ರ ಇರಬಹುದು, ಒಂದರಿಂದ ಇನ್ನೊಂದಕ್ಕೆ ಇಳಿದಾಗ ಬೆಳಕು ಹೊರಡುತ್ತದೆ ಎಂದು ಹಿಡಿದು, ಎಲೆಕ್ಟ್ರಾನಿನ ಆವೇಶ, ರಾಶಿ ಮತ್ತು ಬೆಳಕಿನ ಶಕ್ತಿಯ ಲೆಕ್ಕಕ್ಕೆ ಬಳಸುವ ಪ್ಲಾಂಕ್ ಸ್ಥಿರಾಂಕದಿಂದಲೇ ಆ ಸೂತ್ರದ ಸಂಖ್ಯೆಯನ್ನು ಪಡೆದರು. ಅದೇ ವರ್ಷ ಒಂದು ಗಟ್ಟಿ ಪರೀಕ್ಷೆ ಎದುರಾಯಿತು. ಹೈಡ್ರೋಜನ್ನಿನದು ಎಂದುಕೊಂಡಿದ್ದ ಕೆಲವು ಗೆರೆಗಳು ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಮ್ಮಿನವು ಎಂದು ಬೋರ್ ಹೇಳಿದ್ದರು. ಅದು ನಿಜವಾದರೆ ಹೀಲಿಯಂ, ಹೈಡ್ರೋಜನ್ ಗೆರೆಗಳ ಸೂತ್ರದಲ್ಲಿರುವ ಸ್ಥಿರಾಂಕಗಳ ಅನುಪಾತ 4 ಆಗಬೇಕು, ಅಳತೆಯಲ್ಲಿ 4.0016 ಬರುತ್ತಿದೆಯಲ್ಲ ಎಂದು ಆ ಗೆರೆಗಳನ್ನು ಅಳೆದಿದ್ದ ಫೌಲರ್ ಆಕ್ಷೇಪಿಸಿದರು. ನ್ಯೂಕ್ಲಿಯಸ್ ಕೂಡ ಚೂರು ಅಲುಗುತ್ತದೆ, ಅದನ್ನು ಸೇರಿಸಿ ಎಂದು ಬೋರ್ ಲೆಕ್ಕ ಹಾಕಿ ತೋರಿಸಿದರು: 4.00163. ಟ್ಯೂಷನ್ ಸರ್ ಸುಳ್ಳು ಎಂದ ಮಾದರಿ ನಾಲ್ಕನೇ ದಶಮಾಂಶದ ತನಕ ಸರಿಯಾದ ಉತ್ತರ ಕೊಟ್ಟಿತು.

ಅದರಲ್ಲಿ ಯಾವುದು ಉಳಿಯಿತು, ಯಾವುದು ಬಿದ್ದುಹೋಯಿತು? ಶಕ್ತಿ ಮಟ್ಟಗಳು, ಅವುಗಳ ನಡುವಿನ ನೆಗೆತ, ಹೈಡ್ರೋಜನ್ನಿನಿಂದ ಎಲೆಕ್ಟ್ರಾನ್ ಕೀಳಲು ಬೇಕಾದ 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಉಳಿದವು. ಗುಂಡಗಿನ ಕಕ್ಷೆ ಬಿತ್ತು. ಎರಡು ಎಲೆಕ್ಟ್ರಾನಿನ ಹೀಲಿಯಂ ಪರಮಾಣುವಿನ ಲೆಕ್ಕವೇ ಅದಕ್ಕೆ ಕೂಡಿಬರಲಿಲ್ಲ. 1925ರಲ್ಲಿ ಹೈಸನ್‌ಬರ್ಗ್, 1926ರಲ್ಲಿ ಶ್ರೋಡಿಂಗರ್ ಹೊಸ ಯಂತ್ರಶಾಸ್ತ್ರ (ಕ್ವಾಂಟಮ್ ಮೆಕ್ಯಾನಿಕ್ಸ್) ಕೊಟ್ಟ ಮೇಲೆ, ಎಲೆಕ್ಟ್ರಾನ್ ಇಂಥಲ್ಲಿ ಸಿಗುವ ಸಂಭವ ಇಷ್ಟು ಎಂದು ಹೇಳುವ ಚಿತ್ರ ಬಂತು. ಆ ಹೊಸ ಲೆಕ್ಕ ಮೊದಲು ಗೆದ್ದು ತೋರಿಸಬೇಕಾದದ್ದು ಯಾವುದನ್ನು ಗೊತ್ತೇ? ಬಾಮರ್‌ನ ಅದೇ ನಾಲ್ಕು ಸಂಖ್ಯೆಗಳನ್ನು.

ನಡುವಿನ ಕೆಲವನ್ನು ಬೇಗ ದಾಟುತ್ತೇನೆ. 1913-14ರಲ್ಲಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳಿಂದ ಪರಮಾಣು ಸಂಖ್ಯೆಗೆ ನಿಜವಾದ ಅರ್ಥ ಕೊಟ್ಟರು: ಅದು ನ್ಯೂಕ್ಲಿಯಸ್ಸಿನ ಧನ ಆವೇಶದ ಎಣಿಕೆ. ಕೋಬಾಲ್ಟಿಗಿಂತ ನಿಕೆಲ್ ಹಗುರವಾಗಿದ್ದರೂ ಕೋಷ್ಟಕದಲ್ಲಿ ಯಾಕೆ ಆಮೇಲೆ ಬರುತ್ತದೆ ಎಂಬ ಗೋಜಲು ಬಗೆಹರಿಯಿತು. ಮರುವರ್ಷವೇ, 1915ರ ಆಗಸ್ಟಿನಲ್ಲಿ, ಗಲಿಪೊಲಿ ಯುದ್ಧದಲ್ಲಿ ಅವರು ಸತ್ತರು, ವಯಸ್ಸು 27. ಆ ಸಾವು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಪ್ರೋಟಾನ್ ಎಂಬ ಹೆಸರು ಬಂದದ್ದು 1920ರಲ್ಲಿ, ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ ಚಾಡ್ವಿಕ್ ಅವರಿಗೆ.

ಕಣ್ಣಾರೆ ನೋಡಿದ್ದಾರಾ ಎಂಬ ನಿಮ್ಮ ಪ್ರಶ್ನೆ. ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಎಂದೂ ಆಗದು, ಏಕೆಂದರೆ ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 400ರಿಂದ 700 ನ್ಯಾನೋಮೀಟರ್, ಪರಮಾಣು 0.1ರಿಂದ 0.5ರಷ್ಟು. ಅದಕ್ಕೇ 1900ರ ಸುಮಾರಿಗೂ ಮಾಕ್, ಓಸ್ಟ್‌ವಾಲ್ಡ್‌ರಂಥ ದೊಡ್ಡ ವಿಜ್ಞಾನಿಗಳು ಪರಮಾಣು ಬರೀ ಲೆಕ್ಕದ ಅನುಕೂಲ ಎನ್ನುತ್ತಿದ್ದರು. ನೀರಿನಲ್ಲಿ ತೇಲುವ ಸಣ್ಣ ಕಣಗಳು ಯಾಕೆ ಸುಮ್ಮನಿರದೆ ನಡುಗುತ್ತವೆ ಎಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಕೊಟ್ಟು, ಫ್ರಾನ್ಸಿನ ಪೆರಾನ್ ಅದನ್ನು ಅಳೆದು ತೋರಿಸಿದ ಮೇಲೆ ಓಸ್ಟ್‌ವಾಲ್ಡ್ ಬಹಿರಂಗವಾಗಿ ಒಪ್ಪಿಕೊಂಡರು. ಮೊದಲ ಬಾರಿ ಬಿಡಿ ಪರಮಾಣುಗಳ ಚಿತ್ರ ಮೂಡಿದ್ದು 1955ರ ಅಕ್ಟೋಬರ್ 11ರಂದು, ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಟಂಗ್‌ಸ್ಟನ್ ಸೂಜಿಯ ತುದಿಯ ಪರಮಾಣುಗಳನ್ನು ಅಂದು ಕಂಡವರು ಎರ್ವಿನ್ ಮುಲ್ಲರ್ ಮತ್ತು ಅವರ ವಿದ್ಯಾರ್ಥಿ ಕನ್ವರ್ ಬಹಾದುರ್. ಎರಡನೆಯವರು ಭಾರತೀಯರು, ಇದನ್ನೂ ಕಾಕಾ ಅವರಿಗೆ ಹೇಳಿ. 1981ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಬಿನ್ನಿಗ್, ರೋರರ್ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ ಮಾಡಿದರು. ಅದರ ಮೊನೆ ವಸ್ತುವಿಗೆ 0.1 ನ್ಯಾನೋಮೀಟರ್ ಹತ್ತಿರವಾದರೆ ಹರಿಯುವ ವಿದ್ಯುತ್ತು ಸುಮಾರು ಹತ್ತು ಪಟ್ಟಾಗುತ್ತದೆ, ಆ ಏರಿಳಿತವನ್ನು ಕಂಪ್ಯೂಟರ್ ಚಿತ್ರವಾಗಿ ಬಿಡಿಸುತ್ತದೆ. ಚಿತ್ರದ ಬಣ್ಣ ನಾವು ಹಚ್ಚಿದ್ದು, ಪರಮಾಣುವಿಗೆ ಆ ಬಣ್ಣವಿಲ್ಲ. ಮೊಬೈಲಿನಲ್ಲಿ ಬರುವ ಕೆಂಪು ಗೋಲಿ, ನೀಲಿ ಗೋಲಿ, ಸುತ್ತಲೂ ಉಂಗುರಗಳ ‘ಪರಮಾಣುವಿನ ಅಸಲಿ ಫೋಟೋ’ ಯಾವುದೂ ಅಸಲಿಯಲ್ಲ.

ನಾಳೆ ಈಗಿನದ್ದೂ ತಪ್ಪು ಎಂದರೆ? ಬದಲಾವಣೆ ಖಂಡಿತ ಬರುತ್ತದೆ, ಬರುತ್ತಲೂ ಇದೆ. 2010ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಎಲೆಕ್ಟ್ರಾನಿನ ಬದಲು ಅದರಂಥದೇ ಆದರೆ ಹೆಚ್ಚು ಭಾರದ ಕಣವಾದ ಮ್ಯುಆನ್ ಇಟ್ಟು ಹೈಡ್ರೋಜನ್ ಪರಮಾಣುವನ್ನು ಅಳೆದಾಗ ಪ್ರೋಟಾನಿನ ಅಳತೆ ಅದುವರೆಗೆ ನಂಬಿದ್ದಕ್ಕಿಂತ ಶೇ. 4ರಷ್ಟು ಕಡಿಮೆ ಬಂತು. ವರ್ಷಗಟ್ಟಲೆ ಜಗಳ ನಡೆದು, ಹೊಸ ಅಳತೆಗಳು ಚಿಕ್ಕ ಪ್ರೋಟಾನಿನ ಕಡೆಗೇ ವಾಲಿವೆ. ಆದರೆ ನಾಳೆ ಯಾರೇ ಹೊಸ ಸಿದ್ಧಾಂತ ತಂದರೂ ಶೇ. 46.7 ಸಾರಜನಕ, 20,000ಕ್ಕೆ ಒಂದು ತಿರುವು, 656.3ರ ಕೆಂಪು ಗೆರೆ ಅದರಿಂದ ಬರಲೇಬೇಕು. ಬಾರದಿದ್ದರೆ ಆ ಸಿದ್ಧಾಂತಕ್ಕೆ ಜಾಗವಿಲ್ಲ.

ಇನ್ನು ಮಗಳ ಓದಿನ ಮಾತು. ಮಾರ್ಕ್ಸಿಗೆ ಬರೆದು ಮರೆತುಬಿಡು ಎನ್ನುವುದು ಸುಲಭದ ದಾರಿ, ಅಂಕಕ್ಕೆ ತೊಂದರೆಯಿಲ್ಲ. ಆದರೆ ಚುರುಕಾದ ಮಗು ನಂಬದೇ ಇರುವುದನ್ನು ಬರೆಯುವ ಅಭ್ಯಾಸ ಮಾಡಿಕೊಳ್ಳುತ್ತದೆ, ಪಿಯುಸಿಗೆ ಬರುವ ಹೊತ್ತಿಗೆ ವಿಷಯದ ಮೇಲಿನ ಆಸೆಯೇ ಬತ್ತಿರುತ್ತದೆ. ಇದೆಲ್ಲ ಬಿಟ್ಟು ನೇರ ಆರ್ಬಿಟಲ್ (ಎಲೆಕ್ಟ್ರಾನ್ ಎಲ್ಲಿ ಸಿಗುವ ಸಂಭವ ಎಷ್ಟು ಎಂಬ ಹೊಸ ಚಿತ್ರ) ಕಲಿಸಿ ಎಂದರೆ, ಅದಕ್ಕೆ ಬೇಕಾದ ಗಣಿತ ಅವಳಿಗೆ ಇನ್ನೂ ಬಂದಿಲ್ಲ. ಬಣ್ಣದ ಮೋಡದ ಚಿತ್ರವೊಂದನ್ನು ವೃತ್ತದ ಚಿತ್ರದ ಜಾಗದಲ್ಲಿ ಬಾಯಿಪಾಠ ಮಾಡುತ್ತಾಳೆ ಅಷ್ಟೇ, ಜೊತೆಗೆ ಪರೀಕ್ಷೆಯಲ್ಲಿ ಕೇಳಿದ್ದು ಬಿಟ್ಟು ಬೇರೆ ಬರೆದು ಅಂಕ ಕಳೆದುಕೊಳ್ಳುತ್ತಾಳೆ. ನಾನು ಹೇಳುವುದು, ಪಠ್ಯದಲ್ಲಿ ಇರುವುದನ್ನೇ ಕಲಿಯಲಿ, ಪ್ರತಿ ಮಾದರಿಯ ಪಕ್ಕದಲ್ಲಿ ಎರಡು ಸಾಲು ಹೆಚ್ಚು ಬರೆದುಕೊಳ್ಳಲಿ: ಯಾವ ಅಳತೆಗೆ ಇದು ಉತ್ತರ, ಇದರಲ್ಲಿ ಇಂದಿಗೂ ಉಳಿದಿರುವುದು ಯಾವುದು. ಇದಕ್ಕೆ ಸಮಯ ಹಿಡಿಯುತ್ತದೆ, ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ವಾರ ಶುರುಮಾಡಿದರೆ ಉಳಿದ ವಿಷಯಗಳಿಗೆ ಪೆಟ್ಟು. ರಜೆಯಲ್ಲಿ ಮಾಡಲಿ. ಉತ್ತರ ಪತ್ರಿಕೆಯಲ್ಲಿ “ಬೋರ್ ಮಾದರಿಯ ಪ್ರಕಾರ” ಎಂದು ಶುರುಮಾಡಿ ವೃತ್ತಗಳನ್ನು ಧೈರ್ಯವಾಗಿ ಬಿಡಿಸಲಿ. ಆ ವಾಕ್ಯ ನೂರಕ್ಕೆ ನೂರು ನಿಜ, ಅಂಕವೂ ಬರುತ್ತದೆ.

ಟ್ಯೂಷನ್ ಸರ್ ಜೊತೆ ವಾದಕ್ಕೆ ಇಳಿಯಬೇಡಿ. ವೃತ್ತದ ಚಿತ್ರ ವಾಸ್ತವವಲ್ಲ ಎಂಬಷ್ಟು ಮಾತು ಅವರದೂ ಸರಿಯೇ.

ಮನೆಯಲ್ಲಿ ಇವತ್ತೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಹಳೆಯ ಸಿ.ಡಿ. ಒಂದನ್ನು ತೆಗೆದುಕೊಂಡು ಕೋಣೆ ಕತ್ತಲು ಮಾಡಿ, ಸಿಎಫ್‌ಎಲ್ ಅಥವಾ ಟ್ಯೂಬ್‌ಲೈಟಿನ ಬೆಳಕು ಅದರ ಮಿರುಗುವ ಬದಿಗೆ ಬೀಳುವಂತೆ ಓರೆಯಾಗಿ ಹಿಡಿಯಿರಿ. ದೀಪಕ್ಕೆ ರಟ್ಟು ಅಡ್ಡ ಇಟ್ಟು ಸಣ್ಣ ಸೀಳಿನಿಂದ ಮಾತ್ರ ಬೆಳಕು ಬರುವಂತೆ ಮಾಡಿದರೆ ಇನ್ನೂ ಚೆನ್ನ. ಬಣ್ಣಗಳು ಬಿಡಿಬಿಡಿ ಪಟ್ಟಿಗಳಾಗಿ ಕಾಣುತ್ತವೆ. ಆಮೇಲೆ ಹಳೆಯ ತಂತಿಯ ಬಲ್ಬು ಹಾಕಿ ನೋಡಿದರೆ ಪಟ್ಟಿಗಳು ಮಾಯವಾಗಿ ಒಂದೇ ಹರಿವಾಗುತ್ತದೆ. ಮೊದಲಿನದರ ಬಿಡಿ ಪಟ್ಟಿಗಳಿಗೆ ಕಾರಣ ಕೊಳವೆಯೊಳಗಿನ ಪಾದರಸ ಮತ್ತು ಅದರ ಗೋಡೆಗೆ ಹಚ್ಚಿದ ಲೇಪದ ಪರಮಾಣುಗಳ ಶಕ್ತಿ ಮಟ್ಟಗಳು. ಸೂರ್ಯನ ಬೆಳಕನ್ನು ಮಾತ್ರ ಹೀಗೆ ಸಿ.ಡಿ.ಯಲ್ಲಿ ನೇರವಾಗಿ ನೋಡಕೂಡದು, ಕಣ್ಣಿಗೆ ಅಪಾಯ. ಸಿಎಫ್‌ಎಲ್ ಕೈಜಾರಿ ಒಡೆದರೆ ಒಳಗಿನ ಪಾದರಸ ವಿಷ, ಕಿಟಕಿ ತೆರೆದಿಟ್ಟು ಸ್ವಲ್ಪ ಹೊತ್ತು ಹೊರಗಿದ್ದು, ಚೂರುಗಳನ್ನು ಬರಿಗೈಯಲ್ಲಿ ಮುಟ್ಟದೆ ರಟ್ಟಿನಿಂದ ಎತ್ತಿ ಹಾಕಿ.